ಆಂಬುಲೆನ್ಸ್ ಬರುವವರೆಗೆ

— ಸಂಘದ ಕಾರ್ಯದರ್ಶಿ



ಈ ಪುಟದಲ್ಲಿ ಪ್ರತಿ ಸಲ ಅಡಿಕೆಯ ಧಾರಣೆಯನ್ನೋ, ಕೊಳೆರೋಗದ ಔಷಧಿಯನ್ನೋ, ಕಾಫಿಯ ಕಾಯಿಕೊರಕದ ಹಾವಳಿಯನ್ನೋ ಕುರಿತು ಬರೆಯುವುದು ವಾಡಿಕೆ. ಈ ಸಲ ಆ ವಾಡಿಕೆಯನ್ನು ಬದಿಗಿಟ್ಟು, ನಮ್ಮ ತೋಟಗಳಲ್ಲಿ ಕೆಲಸ ಮಾಡುವವರ ಜೀವಕ್ಕೆ ಸಂಬಂಧಪಟ್ಟ ವಿಷಯವೊಂದನ್ನು ತಮ್ಮ ಮುಂದಿಡಲು ಬಯಸಿದ್ದೇವೆ. ಬರೆಯಲು ನಮಗೆ ಸ್ವಲ್ಪ ಸಂಕೋಚವೇ ಆಗುತ್ತದೆ. ಏಕೆಂದರೆ ಇದರಲ್ಲಿ ನಮ್ಮದೇ ಒಂದು ತಪ್ಪು ಸೇರಿದೆ.

ಮೂರು ವರ್ಷದ ಹಿಂದಿನ ಮಾತು. ಕೊನೆಕೊಯ್ಲಿನ ಕಾಲ. ಇಪ್ಪತ್ತು ವರ್ಷಗಳಿಂದ ನಮ್ಮ ತೋಟದ ಮರ ಹತ್ತುತ್ತಿದ್ದ ಕೊನೆಗಾರನೊಬ್ಬ, ಮರವನ್ನು ಬಾಗಿಸಿ ಪಕ್ಕದ ಮರಕ್ಕೆ ದಾಟುವಾಗ ಕೈ ತಪ್ಪಿ ಕೆಳಗೆ ಬಿದ್ದ. ಪ್ರಜ್ಞೆ ಇತ್ತು. "ನೀರು" ಎಂದು ಕೇಳಿದ. ಓಡಿ ಹೋದವರು ನಾಲ್ಕು ಜನ. ಇಬ್ಬರು ರಟ್ಟೆ ಹಿಡಿದರು, ಇಬ್ಬರು ಕಾಲು ಹಿಡಿದರು. ಕಾಲು ಹಿಡಿದ ಇಬ್ಬರಲ್ಲಿ ನಾವೂ ಒಬ್ಬರು. ಅಡಿಕೆ ತೋಟದ ಕಾದಿಗೆಗಳನ್ನು ದಾಟಿಸಿ, ಜೀಪಿನ ಹಿಂದಿನ ಸೀಟಿನಲ್ಲಿ ಒರಗಿಸಿ ಕೂರಿಸಿಕೊಂಡು, ಮೂವತ್ತೆಂಟು ಕಿಲೋಮೀಟರು ಘಟ್ಟದ ರಸ್ತೆಯಲ್ಲಿ ಆಸ್ಪತ್ರೆಗೆ ಓಡಿಸಿದೆವು. ಬೇಗ ತಲುಪಿಸಿದೆವೆಂದು ಮನಸ್ಸಿಗೆ ಸಮಾಧಾನವೂ ಆಗಿತ್ತು.

ಅಲ್ಲಿನ ವೈದ್ಯರು ಮೊದಲು ಕೇಳಿದ ಪ್ರಶ್ನೆ, "ಇವರನ್ನು ಹೇಗೆ ಎತ್ತಿಕೊಂಡು ಬಂದಿರಿ?" ಎಂದು. ಹೇಳಿದೆವು. ಅವರು ಕೊಂಚ ಹೊತ್ತು ಸುಮ್ಮನಿದ್ದು, ಬೆನ್ನುಮೂಳೆ ಮುರಿದಿದೆ, ಒಳಗಿನ ಬೆನ್ನುಹುರಿಗೂ ಪೆಟ್ಟಾಗಿದೆ. ಆ ಪೆಟ್ಟು ಬಿದ್ದಾಗಲೇ ಆಯಿತೋ ಎತ್ತುವಾಗ ಆಯಿತೋ ಈಗ ಯಾರೂ ಹೇಳಲಾರರು, ಎಂದರು. ಬಿದ್ದ ಕೂಡಲೇ ಆತ ಕಾಲು ಆಡಿಸಿದನೋ ಇಲ್ಲವೋ ನಾವು ಯಾರೂ ನೋಡಿರಲಿಲ್ಲ. ನೋಡಬೇಕೆಂಬುದೇ ನಮಗೆ ತಿಳಿದಿರಲಿಲ್ಲ. ಆತ ಬದುಕಿದ್ದಾನೆ. ಆದರೆ ನಡೆಯುವುದಿಲ್ಲ.

ಪದವಿ ಪಡೆದಿದ್ದೇವೆ, ಸಂಘದ ಲೆಕ್ಕಪತ್ರ ನೋಡುತ್ತೇವೆ, ಹತ್ತು ಜನಕ್ಕೆ ಬುದ್ಧಿ ಹೇಳುತ್ತೇವೆ. ಆದರೆ ಬಿದ್ದವನನ್ನು ಎತ್ತುವುದು ಹೇಗೆಂದು ಮಾತ್ರ ಐವತ್ತು ವರ್ಷ ಕಳೆದರೂ ಕಲಿತಿರಲಿಲ್ಲ.

ಸಿ.ವಿ. ರಾಮನ್ ನಗರದಲ್ಲಿ ಕಲಿತ ಪಾಠ

ಕಳೆದ ವರ್ಷಕ್ಕೆ ಹಿಂದಿನ ವರ್ಷ, ಮಳೆಗಾಲ ಮುಗಿದ ಮೇಲೆ, ನಮ್ಮ ಮನೆಯವರ ಕಣ್ಣಿನ ಶಸ್ತ್ರಚಿಕಿತ್ಸೆಗಾಗಿ ಬೆಂಗಳೂರಿಗೆ ಹೋಗಿ, ಸಿ.ವಿ. ರಾಮನ್ ನಗರದಲ್ಲಿರುವ ಮಗಳ ಮನೆಯಲ್ಲಿ ಮೂರು ವಾರ ತಂಗಿದ್ದೆವು. 1930ರಲ್ಲಿ ನೊಬೆಲ್ ಪಾರಿತೋಷಕ ಪಡೆದು, ಬಾಳಿನ ಕೊನೆಯವರೆಗೂ ಬೆಂಗಳೂರಿನಲ್ಲೇ ಇದ್ದು 1970ರಲ್ಲಿ ತೀರಿಕೊಂಡ ವಿಜ್ಞಾನಿಯ ಹೆಸರನ್ನು ಹೊತ್ತ ಈ ಬಡಾವಣೆಗೆ ಹೆಸರು ಚೆನ್ನಾಗಿಯೇ ಒಪ್ಪುತ್ತದೆ. ಒಂದು ಬದಿಯಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಯ ಪ್ರಯೋಗಾಲಯಗಳ ಎತ್ತರದ ಗೋಡೆ. ಇನ್ನೊಂದು ಬದಿಯಲ್ಲಿ ಬಾಗ್ಮನೆ ಟೆಕ್ ಪಾರ್ಕಿನ ಗಾಜಿನ ಕಟ್ಟಡಗಳು. ನಡುವೆ ಕಗ್ಗದಾಸಪುರದ ಇಕ್ಕಟ್ಟಿನ ರಸ್ತೆಯಲ್ಲಿ ಸಂಜೆಯಾದರೆ ಇರುವೆಯ ಸಾಲಿನಂತೆ ವಾಹನಗಳು.

ಮಗಳು ವಾಸವಾಗಿರುವ ವಸತಿ ಸಮುಚ್ಚಯದ ನಿವಾಸಿಗಳು ಆ ತಿಂಗಳು ಪ್ರಥಮ ಚಿಕಿತ್ಸೆಯ ಒಂದು ತರಬೇತಿಯನ್ನು ಏರ್ಪಡಿಸಿದ್ದರು. ಮೊದಲ ಒಂದು ವಾರ ಪಾಠವೆಲ್ಲ ಅಂತರಜಾಲದ ಮೂಲಕ. ದಿನಕ್ಕೆ ಅರ್ಧ ಗಂಟೆ ಮೊಬೈಲಿನಲ್ಲಿ ಚಿತ್ರಪಾಠ ನೋಡಬೇಕು, ಕೊನೆಯಲ್ಲಿ ಕೇಳುವ ಪ್ರಶ್ನೆಗಳಿಗೆ ಉತ್ತರ ಒತ್ತಬೇಕು. ಅದರಲ್ಲಿ ತೇರ್ಗಡೆಯಾದವರು ಭಾನುವಾರ ಕೆಳಗಿನ ಸಭಾಂಗಣಕ್ಕೆ ಬಂದು ಬೊಂಬೆಯ ಮೇಲೆ ಅಭ್ಯಾಸ ಮಾಡಬೇಕು. "ಅಪ್ಪಯ್ಯ, ಹೇಗೂ ಹೊತ್ತು ಹೋಗುವುದಿಲ್ಲ ಅಂತೀರಿ, ನೀವೂ ಸೇರಿಕೊಳ್ಳಿ" ಎಂದು ಮಗಳು ನಮ್ಮ ಹೆಸರನ್ನೂ ಬರೆಸಿದಳು.

ಪಾಠ ಸೊಗಸಾಗಿತ್ತು. ಇಪ್ಪತ್ತು ಪ್ರಶ್ನೆಗಳಲ್ಲಿ ಇಪ್ಪತ್ತಕ್ಕೂ ಸರಿಯುತ್ತರ ಕೊಟ್ಟು, ಮೊಮ್ಮಗನ ಮುಂದೆ ಸ್ವಲ್ಪ ಜಂಬವನ್ನೂ ಕೊಚ್ಚಿಕೊಂಡೆವು. ಭಾನುವಾರ ಬೊಂಬೆಯ ಎದೆಯ ಮೇಲೆ ಕೈಯಿಟ್ಟು ಒತ್ತತೊಡಗಿದಾಗ, ಕಲಿಸಲು ಬಂದಿದ್ದ ದಾದಿಯೊಬ್ಬರು ಪಕ್ಕದಲ್ಲಿ ಮಂಡಿಯೂರಿ ಕುಳಿತು, "ಸಾರ್, ನೀವು ಎದೆ ಒತ್ತುತ್ತಿಲ್ಲ, ಸವರುತ್ತಿದ್ದೀರಿ" ಎಂದರು. ಸುತ್ತಲಿದ್ದವರು ನಕ್ಕರು, ನಾವೂ ನಕ್ಕೆವು. ಮೊಣಕೈ ಬಾಗಬಾರದು, ಹೆಗಲಿನ ಭಾರವೆಲ್ಲ ಅಂಗೈಗೆ ಇಳಿಯಬೇಕು, ಎದೆ ಐದಾರು ಸೆಂಟಿಮೀಟರು ತಗ್ಗಿ ಮತ್ತೆ ಪೂರ್ತಿ ಮೇಲೆ ಬರಬೇಕು, ಸೆಕೆಂಡಿಗೆ ಸುಮಾರು ಎರಡರಂತೆ ನಿಮಿಷಕ್ಕೆ ನೂರರಿಂದ ನೂರಿಪ್ಪತ್ತು ಸಲ. ಇದೆಲ್ಲ ನಮಗೆ ಬಾಯಿಪಾಠವಾಗಿತ್ತು. ಆದರೆ ಎರಡು ನಿಮಿಷ ಒತ್ತುವಷ್ಟರಲ್ಲಿ ಬೆವರು ಕಿತ್ತುಕೊಂಡು ಬಂದಿತು.

ಅನಂತರ ಬೆನ್ನುಮೂಳೆಗೆ ಪೆಟ್ಟಾದವರನ್ನು ಎತ್ತುವ ಪಾಠ. ಒಬ್ಬರು ತಲೆಯ ಬಳಿ ಕುಳಿತು ತಲೆಯನ್ನೂ ಕುತ್ತಿಗೆಯನ್ನೂ ಎರಡು ಕೈಗಳಿಂದ ಅಲುಗದಂತೆ ಹಿಡಿಯಬೇಕು. ಮೂವರು ಒಂದೇ ಬದಿಯಲ್ಲಿ ಕುಳಿತು, ತಲೆ ಹಿಡಿದವರು ಎಣಿಸಿದಾಗ ಒಟ್ಟಿಗೆ, ಮರದ ದಿಮ್ಮಿ ಉರುಳಿಸುವ ಹಾಗೆ ಮೈಯನ್ನು ಒಂದೇ ನೇರದಲ್ಲಿ ಹೊರಳಿಸಬೇಕು. ಕೆಳಗೆ ಹಲಗೆ ಸರಿಸಬೇಕು. ಕೈಕಾಲು ಹಿಡಿದು ತೊಟ್ಟಿಲಿನಂತೆ ಎಂದೂ ಎತ್ತಬಾರದು. ಇದನ್ನು ಕಲಿಸಲು ಬೇಕಾದದ್ದು ಹತ್ತೇ ನಿಮಿಷ. ಆ ಹತ್ತು ನಿಮಿಷ ಮುಗಿದ ಮೇಲೆ ಅಲ್ಲಿ ಕೂರಲಾಗದೆ ಹೊರಗೆ ಬಂದು ನಿಂತೆವು.

ಹೊರಡುವ ಮುನ್ನ ಆ ದಾದಿಯವರನ್ನು ಒಂದು ಮಾತು ಕೇಳಿದೆವು: "ಇಲ್ಲಿ ಹೆಜ್ಜೆಗೊಂದು ಆಸ್ಪತ್ರೆ ಇದೆಯಲ್ಲಮ್ಮ, ಇವರಿಗೆಲ್ಲ ಇದು ಯಾಕೆ ಬೇಕು?" ಅವರು ಹೇಳಿದರು: "ಆಸ್ಪತ್ರೆ ಎರಡು ಕಿಲೋಮೀಟರು ಸಾರ್. ಆದರೆ ಸಂಜೆ ಆರು ಗಂಟೆಗೆ ಈ ರಸ್ತೆಯಲ್ಲಿ ಎರಡು ಕಿಲೋಮೀಟರು ಅಂದರೆ ಎಷ್ಟು ಹೊತ್ತು? ಹೃದಯ ನಿಂತರೆ ನಾಲ್ಕೈದು ನಿಮಿಷದಲ್ಲಿ ಮಿದುಳು ಕೆಡಲು ಶುರುವಾಗುತ್ತೆ." ಬೆಂಗಳೂರಿನ ನಡುವೆಯೇ ಮೊದಲ ಐದು ನಿಮಿಷ ನೆರೆಯವರ ಪಾಲಿಗೆ ಬಿದ್ದದ್ದಾದರೆ, ನಮ್ಮ ಊರುಗಳಲ್ಲಿ ಮೊದಲ ಒಂದು ಗಂಟೆಯೇ ನಮ್ಮ ಪಾಲಿಗೆ ಬಿದ್ದಿದೆ ಎಂಬುದು ಅಂದು ನಮಗೆ ಮನದಟ್ಟಾಯಿತು.

ಯಂತ್ರ ಬಂತು, ನಡೆಸುವ ಕೈ ಎಲ್ಲಿ?

ಈ ಬಡಾವಣೆಯ ಪ್ರಯೋಗಾಲಯಗಳ ಪೈಕಿ 'ಡೆಬೆಲ್' ಎಂದು ಕರೆಯಲಾಗುವ ಜೈವಿಕ ಎಂಜಿನಿಯರಿಂಗ್ ಮತ್ತು ವೈದ್ಯಕೀಯ ವಿದ್ಯುದುಪಕರಣಗಳ ಪ್ರಯೋಗಾಲಯವೂ ಒಂದು. ತೇಜಸ್ ಯುದ್ಧವಿಮಾನದ ಚಾಲಕನಿಗೆ ಆಕಾಶದಲ್ಲೇ ಆಮ್ಲಜನಕ ತಯಾರಿಸಿ ಕೊಡುವ ವ್ಯವಸ್ಥೆಯನ್ನು ರೂಪಿಸಿದವರು ಇವರು. 2020ರಲ್ಲಿ ಕೋವಿಡ್ ಬಂದಾಗ ಇವರ ನೆರವಿನಿಂದ ಮೈಸೂರಿನ ಸ್ಕ್ಯಾನ್‌ರೇ ಕಂಪನಿಯ ಜೊತೆಗೂಡಿ ಬಿ.ಇ.ಎಲ್. ಕಾರ್ಖಾನೆಯು 30,000 ವೆಂಟಿಲೇಟರುಗಳನ್ನು ತಯಾರಿಸಿತು. 2021ರ ಎರಡನೇ ಅಲೆಯಲ್ಲಿ, ವಿಮಾನಕ್ಕೆಂದು ಮಾಡಿದ ಅದೇ ತಂತ್ರಜ್ಞಾನದಿಂದ ನಿಮಿಷಕ್ಕೆ 1,000 ಲೀಟರು ಆಮ್ಲಜನಕ ತಯಾರಿಸುವ ಘಟಕಗಳು ರೂಪುಗೊಂಡವು. ಅಂಥ 380 ಘಟಕಗಳಿಗೆ ಕಂಪನಿಗಳಿಗೆ ಆದೇಶ ಕೊಡಲಾಯಿತು.

ಆದರೆ ಯಂತ್ರ ಕಳಿಸಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ದೇಶದಾದ್ಯಂತ ಆಮ್ಲಜನಕ ಘಟಕಗಳನ್ನು ನಡೆಸಲು, ನೋಡಿಕೊಳ್ಳಲು 7,000ಕ್ಕೂ ಹೆಚ್ಚು ಜನರಿಗೆ ತರಬೇತಿ ಕೊಡಬೇಕಾಯಿತು. ನಮ್ಮಲ್ಲೂ ಪಲ್ಪರ್ ಯಂತ್ರ ತಂದಿಟ್ಟು, ಅದನ್ನು ನಡೆಸಬಲ್ಲವನು ಊರಿಗೆ ಹೋದನೆಂದು ಹಣ್ಣು ಕೊಳೆಸಿದವರು ಇದ್ದೇವೆ. ಜೀವ ಉಳಿಸುವ ವಿದ್ಯೆಯ ಪಾಡೂ ಅಷ್ಟೆ. 2008ರ ನವೆಂಬರಿನಲ್ಲಿ ನಮ್ಮ ರಾಜ್ಯಕ್ಕೆ 108ರ ಆಂಬುಲೆನ್ಸ್ ಸೇವೆ ಬಂದದ್ದು ದೊಡ್ಡ ಉಪಕಾರವೇ ಸರಿ. ಆ ಗಾಡಿ ನಮ್ಮ ಘಟ್ಟ ಹತ್ತಿ, ಮರ ಬಿದ್ದ ರಸ್ತೆ ಬಿಡಿಸಿಕೊಂಡು ಬರುವವರೆಗೆ ಏನು ಮಾಡಬೇಕೆಂಬುದು ಮಾತ್ರ ನಮಗೇ ಬಿಟ್ಟ ವಿಚಾರ.

ದೊಡ್ಡ ಅನಾಹುತಗಳಲ್ಲೂ ಇದೇ ಕಂಡುಬಂದಿದೆ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜರಿದಾಗ ಎಷ್ಟೋ ಊರುಗಳ ರಸ್ತೆಯೇ ಕಡಿದುಹೋಯಿತು. 2024ರ ಜುಲೈ 30ರ ನಸುಕಿನಲ್ಲಿ ನೆರೆಯ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳ ಮೇಲೆ ಗುಡ್ಡ ಇಳಿದಾಗ ಸೇತುವೆ ಕೊಚ್ಚಿಹೋಗಿ, ಆಚೆ ದಡದವರು ಆಚೆಯೇ ಉಳಿದರು. ನಮ್ಮ ಬೆಂಗಳೂರಿನ ಹಲಸೂರಿನಲ್ಲಿ ನೆಲೆಯಿರುವ ಮದ್ರಾಸ್ ಎಂಜಿನಿಯರ್ ಗ್ರೂಪಿನ ಯೋಧರು ಹೋಗಿ, ಹಗಲಿರುಳು ದುಡಿದು, 190 ಅಡಿಯ ಬೈಲಿ ಸೇತುವೆಯನ್ನು ಆಗಸ್ಟ್ 1ರ ಹೊತ್ತಿಗೆ ಕಟ್ಟಿ ಮುಗಿಸಿದರು. ಅಷ್ಟು ಬೇಗ ಕಟ್ಟಿದ್ದು ಮೆಚ್ಚತಕ್ಕ ಕೆಲಸ. ಆದರೂ ಮೊದಲ ರಾತ್ರಿ ಕೆಸರಿನಿಂದ ಜನರನ್ನು ಎಳೆದು ತೆಗೆದವರು ಆ ಊರಿನ ತೋಟದ ಜನರೇ. ಅವರೂ ನಮ್ಮಂತೆ ಕಾಫಿ, ಚಹಾ, ಏಲಕ್ಕಿಯವರು.

ದೂರದಿಂದ ಕಲಿಸುವುದು ಹೊಸದಲ್ಲ

ನಮ್ಮ ಊರಿಗೆ ವೈದ್ಯರನ್ನೋ ತರಬೇತುದಾರರನ್ನೋ ತಿಂಗಳಿಗೊಮ್ಮೆ ಕರೆಸುವುದು ಆಗುವ ಮಾತಲ್ಲ. ಹಾಗಾದರೆ ಪಾಠವನ್ನೇ ಇಲ್ಲಿಗೆ ತರಿಸಿಕೊಳ್ಳಬಹುದಲ್ಲ? ಇದು ಹೊಸ ಯೋಚನೆಯೇನೂ ಅಲ್ಲ. 1975ರ ಆಗಸ್ಟಿನಿಂದ 1976ರ ಜುಲೈವರೆಗೆ ಒಂದು ವರ್ಷ, ಅಮೆರಿಕದ ಉಪಗ್ರಹವೊಂದರ ಮೂಲಕ ಆರು ರಾಜ್ಯಗಳ 2,400 ಹಳ್ಳಿಗಳಿಗೆ ದೂರದರ್ಶನದ ಪಾಠ ತಲುಪಿಸಿದ 'ಸೈಟ್' ಪ್ರಯೋಗದಲ್ಲಿ ನಮ್ಮ ವಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳೂ ಸೇರಿದ್ದವು. ಬೇಸಾಯ, ಆರೋಗ್ಯದ ಪಾಠಗಳನ್ನು ಊರಿನವರೆಲ್ಲ ಒಂದೇ ಪೆಟ್ಟಿಗೆಯ ಮುಂದೆ ಕುಳಿತು ನೋಡಿದರು. 2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕೆಂದೇ ಹಾರಿಸಿದ 'ಎಜುಸ್ಯಾಟ್' ಉಪಗ್ರಹ ಸಿ.ವಿ. ರಾಮನ್ ನಗರಕ್ಕೆ ಹತ್ತಿರದ ವಿಮಾನಪುರದಲ್ಲಿರುವ ಇಸ್ರೋ ಕೇಂದ್ರದಲ್ಲಿ ಸಿದ್ಧವಾಯಿತು. ಅದರ ಪ್ರಾಥಮಿಕ ಶಾಲಾ ಪಾಠದ ಮೊದಲ ಪ್ರಯೋಗ ನಡೆದದ್ದು ನಮ್ಮ ಚಾಮರಾಜನಗರ ಜಿಲ್ಲೆಯಲ್ಲಿ.

ವೈದ್ಯಕೀಯದಲ್ಲೂ ಹಾಗೆಯೇ. ಕಾಡಂಚಿನ ಸರಗೂರಿನ ಆಸ್ಪತ್ರೆಯನ್ನೂ ಚಾಮರಾಜನಗರದ ಜಿಲ್ಲಾಸ್ಪತ್ರೆಯನ್ನೂ 2002ರಲ್ಲಿ ಉಪಗ್ರಹದ ಮೂಲಕ ಬೆಂಗಳೂರಿನ ಹೃದ್ರೋಗ ತಜ್ಞರಿಗೆ ಜೋಡಿಸಲಾಯಿತು. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಡಾ. ಸಂಜೀವ್ ಅರೋರಾ ಅವರು 2003ರಲ್ಲಿ ಆರಂಭಿಸಿದ 'ಎಕೋ' ಎಂಬ ಪದ್ಧತಿಯನ್ನು ನಮ್ಮ ನಿಮ್ಹಾನ್ಸ್ ಸಂಸ್ಥೆಯವರೂ ಅನುಸರಿಸಿ, ದೂರದ ಊರಿನ ವೈದ್ಯರಿಗೆ ವಾರವಾರ ಪರದೆಯ ಮೇಲೆ ಕಲಿಸುತ್ತ ಬಂದಿದ್ದಾರೆ. ಬರೀ ಭಾಷಣ ಕೇಳಿಸುವುದಲ್ಲ. ಹಳ್ಳಿಯ ವೈದ್ಯರು ತಮ್ಮ ಮುಂದಿರುವ ರೋಗಿಯ ಸಮಸ್ಯೆಯನ್ನು ಮುಂದಿಡುವುದು, ತಜ್ಞರೂ ಉಳಿದ ಊರಿನ ವೈದ್ಯರೂ ಕೂಡಿ ಚರ್ಚಿಸುವುದು ಅದರ ಕ್ರಮ. 2020ರ ಏಪ್ರಿಲಿನಲ್ಲಿ ಕೇಂದ್ರ ಸರ್ಕಾರವು 'ದೀಕ್ಷಾ' ವೇದಿಕೆಯ ಮೇಲೆ ವೈದ್ಯರು, ದಾದಿಯರು, ಎನ್.ಸಿ.ಸಿ., ರೆಡ್‌ಕ್ರಾಸ್ ಸ್ವಯಂಸೇವಕರಿಗೆಲ್ಲ ಕೋವಿಡ್ ಪಾಠಗಳನ್ನು ತೆರೆಯಿತು. ಲಾಕ್‌ಡೌನ್ ಕಾಲದಲ್ಲಿ ಬೇರೆ ದಾರಿಯೂ ಇರಲಿಲ್ಲ.

ಈ ಎಲ್ಲ ಪ್ರಯೋಗಗಳಿಂದ ಸಿಗುವ ಬುದ್ಧಿ ಒಂದೇ. ತಿಳುವಳಿಕೆಯನ್ನು ತಂತಿಯ ಮೇಲೆ ಕಳಿಸಬಹುದು. ಕೈಯ ರೂಢಿಯನ್ನು ಕಳಿಸಲಾಗದು. ಕಪಾತು ಮಾಡುವುದನ್ನು ಪುಸ್ತಕದಲ್ಲಿ ಓದಿ ಕಲಿತವನ ಕೈಗೆ ಕತ್ತರಿ ಕೊಟ್ಟರೆ ಗಿಡದ ಗತಿ ಏನಾಗುವುದೆಂದು ಬೆಳೆಗಾರರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇಪ್ಪತ್ತಕ್ಕೆ ಇಪ್ಪತ್ತು ಅಂಕ ಪಡೆದ ನಾವು ಬೊಂಬೆಯ ಎದೆ ಸವರಿದ ಕಥೆಯೂ ಅದೇ.

ನಮ್ಮ ಸಂಘದ ಗೋದಾಮಿನಲ್ಲಿ

ಊರಿಗೆ ಮರಳಿದ ಮೇಲೆ ನಿರ್ದೇಶಕ ಮಂಡಳಿಯ ಒಪ್ಪಿಗೆ ಪಡೆದು ಚಿಕ್ಕದೊಂದು ಪ್ರಯೋಗ ಮಾಡಿದೆವು. ಹದಿನೆಂಟು ಜನರನ್ನು ಆರಿಸಿದೆವು: ರೈಟರು, ಮೇಸ್ತ್ರಿಗಳು ಐವರು, ಜೀಪು ಚಾಲಕರು ನಾಲ್ವರು, ಕೊನೆಗಾರರು ಮೂವರು, ಲೈನ್ ಮನೆಗಳ ಹೆಣ್ಣುಮಕ್ಕಳು ಆರು ಜನ.

ತೊಂದರೆಗಳು ಮೊದಲ ದಿನವೇ ಎದುರಾದವು. ಮೊಬೈಲಿನ ಸಂಕೇತ ಸಿಗಬೇಕಾದರೆ ಕೆಲವರು ಗುಡ್ಡದ ತಲೆಗೆ ಹತ್ತಬೇಕು. ಸಿಕ್ಕರೂ ಚಿತ್ರ ಅರ್ಧಕ್ಕೇ ನಿಲ್ಲುತ್ತದೆ. ಆದಕಾರಣ ಸಂಘದ ಕಚೇರಿಯಲ್ಲೇ ಪಾಠಗಳನ್ನು ಇಳಿಸಿಕೊಂಡು, ಚಿಕ್ಕ ಮೆಮೊರಿ ಕಾರ್ಡುಗಳಲ್ಲಿ ತುಂಬಿಸಿ, ಗೊಬ್ಬರ ಒಯ್ಯಲು ಬಂದವರ ಕೈಯಲ್ಲಿ ಕಳಿಸಿದೆವು. ಎರಡನೆಯದು ಭಾಷೆ. ನಮಗೆ ಸಿಕ್ಕಿದ ಒಳ್ಳೆಯ ಪಾಠಗಳು ಬಹುಮಟ್ಟಿಗೆ ಇಂಗ್ಲಿಷು, ಹಿಂದಿಯಲ್ಲಿದ್ದವು. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ದಾದಿಯವರು ಎರಡು ಭಾನುವಾರ ಕುಳಿತು, ನಮ್ಮ ಕಡೆಯ ಮಾತಿನಲ್ಲೇ ಅದನ್ನು ಹೇಳಿ ಧ್ವನಿ ತುಂಬಿದರು. ಅವರಿಗೆ ಸಂಘದ ಕೃತಜ್ಞತೆಗಳು ಸಲ್ಲುತ್ತವೆ.

ಹದಿನೈದು ದಿನಗಳ ನಂತರ ಗೋದಾಮಿನಲ್ಲಿ ಗೋಣಿ ಹಾಸಿ, ಎರವಲು ತಂದ ಎರಡು ಬೊಂಬೆಗಳ ಮೇಲೆ ಇಡೀ ದಿನ ಅಭ್ಯಾಸ. ಬೆನ್ನಿಗೆ ಪೆಟ್ಟಾದವರನ್ನು ಹೊರಳಿಸುವುದನ್ನು ಒಬ್ಬರ ಮೇಲೊಬ್ಬರು ಮಾಡಿ ಕಲಿತರು. ಪೇಟೆಯಲ್ಲಿ ಸಿಗುವ ಹಲಗೆಯ ಸ್ಟ್ರೆಚರ್ ನಮ್ಮಲ್ಲಿ ಎಲ್ಲಿದೆ ಎಂಬ ಪ್ರಶ್ನೆ ಬಂದಾಗ, ಕೊನೆಗಾರನೊಬ್ಬ ಎದ್ದು ಹೋಗಿ ನಾಲ್ಕು ಅಡಿಕೆ ದಬ್ಬೆಗಳನ್ನು ತಂದು ಅಡ್ಡಪಟ್ಟಿ ಕಟ್ಟಿ ಅರ್ಧ ಗಂಟೆಯಲ್ಲಿ ತಟ್ಟಿ ಮಾಡಿಕೊಟ್ಟ. ಹೆಣ್ಣುಮಕ್ಕಳು ಎದೆ ಒತ್ತುವ ಲಯವನ್ನು ಎಲ್ಲರಿಗಿಂತ ಬೇಗ ಹಿಡಿದರು. ಒನಕೆ ಹಿಡಿದ ಕೈ ಎಂದು ಒಬ್ಬ ಅಜ್ಜಿ ಹೇಳಿದರು.

ಆರು ತಿಂಗಳ ನಂತರ ಅದೇ ಹದಿನೆಂಟು ಜನರನ್ನು ಕರೆಸಿ ನೋಡಿದೆವು. ಪ್ರಶ್ನೆಗಳಿಗೆ ಉತ್ತರ ನೆನಪಿತ್ತು. ಕೈ ಮರೆತಿತ್ತು. ಅರ್ಧಕ್ಕಿಂತ ಹೆಚ್ಚು ಜನ ಒತ್ತುವ ಆಳ ತಪ್ಪಿದ್ದರು. ವರ್ಷಕ್ಕೊಮ್ಮೆಯಲ್ಲ, ಎರಡು ಬಾರಿಯಾದರೂ ರೂಢಿ ಮಾಡಿಸಬೇಕೆಂಬುದು ಇದರಿಂದ ತಿಳಿಯಿತು.

ಫಲವೇನಾಯಿತೆಂದು ಕೇಳುವವರಿಗೆ ಒಂದು ಪ್ರಸಂಗ ಹೇಳುತ್ತೇವೆ. ಕಳೆದ ಮಳೆಗಾಲದ ಆರಂಭದಲ್ಲಿ ಕಳೆ ತೆಗೆಯುತ್ತಿದ್ದ ಹೆಂಗಸೊಬ್ಬಳ ಪಾದಕ್ಕೆ ಹಾವು ಕಚ್ಚಿತು. ಮೊದಲಾಗಿದ್ದರೆ ಬಾಳೆನಾರಿನಿಂದ ಬಿಗಿದು ಕಟ್ಟಿ, ಬ್ಲೇಡಿನಿಂದ ಕೊಯ್ದು, ಮಂತ್ರ ಹಾಕುವವರ ಮನೆಗೆ ಒಯ್ಯುತ್ತಿದ್ದೆವು. ತರಬೇತಿ ಪಡೆದ ಚಾಲಕ ಅದಾವುದಕ್ಕೂ ಬಿಡಲಿಲ್ಲ. ಆಕೆಯನ್ನು ಮಲಗಿಸಿ, ಕಾಲುಂಗುರ, ಗೆಜ್ಜೆ ತೆಗೆಸಿ, ಕಾಲು ಅಲುಗದಂತೆ ದಬ್ಬೆಯ ಆಸರೆ ಕೊಟ್ಟು ಬಟ್ಟೆಯಿಂದ ಸಡಿಲವಾಗಿ ಕಟ್ಟಿದ. ಹೊರಡುವ ಮುನ್ನ ಆಸ್ಪತ್ರೆಗೆ ಫೋನು ಮಾಡಿ ವಿಷಪ್ರತಿಬಂಧಕ ಮದ್ದು ಇದೆಯೇ ಎಂದು ಕೇಳಿದ. ಹತ್ತಿರದಲ್ಲಿ ಆ ದಿನ ಇರಲಿಲ್ಲ. ಇನ್ನೊಂದು ಕಡೆ ಇತ್ತು. ನೇರವಾಗಿ ಅಲ್ಲಿಗೇ ಹೋದ. ಆ ಒಂದು ಫೋನಿನಿಂದ ಉಳಿದ ಹೊತ್ತು ಆಕೆಯ ಜೀವ ಉಳಿಸಿತೆಂದು ವೈದ್ಯರೇ ಹೇಳಿದರು. ಆರನೇ ದಿನ ಮನೆಗೆ ಬಂದಳು.

ನಮ್ಮ ಕೆಲಸಕ್ಕೆ ತಕ್ಕ ಪಾಠ

ಪೇಟೆಯವರ ಪಾಠವನ್ನು ಹಾಗೆಯೇ ತಂದರೆ ನಮಗೆ ಸಾಲದು. ನಮ್ಮ ಅಪಾಯಗಳೇ ಬೇರೆ. ಈ ಕೆಳಗಿನವನ್ನು ಸದಸ್ಯರು ಓದಿ, ತಮ್ಮ ತೋಟದಲ್ಲೂ ಓದಿ ಹೇಳಬೇಕಾಗಿ ಕೋರಿಕೆ.

ಮರದಿಂದ ಬಿದ್ದವರು: ಜಾಗದಲ್ಲೇ ಮಲಗಿರಲಿ. ಕೈಕಾಲು ಆಡುತ್ತವೆಯೇ, ಸ್ಪರ್ಶ ತಿಳಿಯುತ್ತದೆಯೇ ನೋಡಿರಿ. ಕುತ್ತಿಗೆ ಅಲುಗದಂತೆ ಹಿಡಿಯಿರಿ. ಹಲಗೆ ಇಲ್ಲದೆ ಎತ್ತಬೇಡಿರಿ. ನೀರು ಕುಡಿಸಬೇಡಿರಿ.

ವಿದ್ಯುತ್ ಅಪಘಾತ: ಮೆಣಸು ಕೊಯ್ಲಿನಲ್ಲಿ, ಮರಗಸಿಯಲ್ಲಿ ಅಲ್ಯೂಮಿನಿಯಂ ಏಣಿ ತಂತಿಗೆ ತಗುಲಿ ಹೋದ ಜೀವಗಳು ನಮ್ಮ ಮೂರೂ ಕಾಫಿ ಜಿಲ್ಲೆಗಳಲ್ಲಿ ಕಡಮೆಯೇನಲ್ಲ. ವಿದ್ಯುತ್ ಕಡಿದಿದೆ ಎಂದು ಖಚಿತವಾಗುವವರೆಗೆ ಯಾರೂ ಮುಟ್ಟಬಾರದು. ದೊಡ್ಡ ಲೈನಿನ ಹತ್ತಿರ ಕೋಲು ಹಿಡಿದೂ ಹೋಗಬಾರದು. ತಕ್ಷಣ 1912ಕ್ಕೆ ಕರೆ ಮಾಡಿರಿ. ವಿದ್ಯುತ್ ನಿಂತ ಮೇಲೆ ಉಸಿರಿಲ್ಲದಿದ್ದರೆ ಎದೆ ಒತ್ತಲು ತೊಡಗಿರಿ.

ಹೃದಯ ನಿಂತವರು: ಭಾರತೀಯ ಅರಿವಳಿಕೆ ತಜ್ಞರು 2017ರಲ್ಲಿ ಜನಸಾಮಾನ್ಯರಿಗೆಂದೇ ಎದೆ ಒತ್ತುವುದನ್ನಷ್ಟೇ ಉಳಿಸಿಕೊಂಡ ಸರಳ ಕ್ರಮವನ್ನು ಪ್ರಕಟಿಸಿದ್ದಾರೆ. ಬಾಯಿಗೆ ಬಾಯಿಟ್ಟು ಉಸಿರು ಕೊಡಲು ಹಿಂಜರಿಯುವವರೂ ಇದನ್ನು ಮಾಡಬಹುದು. ಒಬ್ಬರು ಒತ್ತಲು ತೊಡಗಿದಾಗ ಇನ್ನೊಬ್ಬರು 108ಕ್ಕೆ ಕರೆ ಮಾಡಿರಿ.

ಹಾವು ಕಡಿತ: ಕೊಯ್ಯಬೇಡಿರಿ, ಬಿಗಿದು ಕಟ್ಟಬೇಡಿರಿ, ಹಾವನ್ನು ಹುಡುಕುತ್ತ ಹೊತ್ತು ಕಳೆಯಬೇಡಿರಿ. ನಮ್ಮಲ್ಲಿ ದೊರೆಯುವ ಮದ್ದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕರ ವಿಷಕ್ಕಾಗಿ ತಯಾರಾದದ್ದು. ಘಟ್ಟದ ಎಲ್ಲ ಹಾವಿಗೂ ಹೊಂದುವುದಿಲ್ಲ. ಯಾವ ಹಾವೆಂದು ನಿರ್ಧರಿಸುವುದು, ಮದ್ದು ಕೊಡುವುದು ವೈದ್ಯರಿಗೆ ಬಿಟ್ಟದ್ದು. 2024ರಿಂದ ನಮ್ಮ ರಾಜ್ಯದಲ್ಲಿ ಹಾವು ಕಡಿತದ ಪ್ರತಿಯೊಂದು ಪ್ರಕರಣವನ್ನೂ ಆಸ್ಪತ್ರೆಯವರು ಸರ್ಕಾರಕ್ಕೆ ವರದಿ ಮಾಡತಕ್ಕದ್ದೆಂದು ನಿಯಮವಾಗಿದೆ. ಆಸ್ಪತ್ರೆಗೇ ಹೋಗದಿದ್ದರೆ ನಮ್ಮ ಊರಿನ ಲೆಕ್ಕ ಯಾರಿಗೂ ಸಿಗದು. ಲೆಕ್ಕ ಸಿಗದಿದ್ದರೆ ಮದ್ದೂ ಬಾರದು.

ಔಷಧಿ ಹೊಡೆಯುವಾಗ ವಿಷ ತಗುಲಿದವರು: ಬಟ್ಟೆ ತೆಗೆಸಿ ಸೋಪಿನಿಂದ ಮೈ ತೊಳೆಯಿರಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿರಿ. ಡಬ್ಬಿಯನ್ನು ಜೊತೆಯಲ್ಲೇ ಆಸ್ಪತ್ರೆಗೆ ಒಯ್ಯಿರಿ.

ಕೆಲವರು ನಮ್ಮನ್ನು ಕೇಳಿದ್ದಾರೆ: "ಸಹಾಯಕ್ಕೆ ಹೋಗಿ ಏನಾದರೂ ಹೆಚ್ಚುಕಡಮೆಯಾದರೆ ಪೊಲೀಸು, ಕೋರ್ಟು ಅಂತ ಅಲೆಯುವವರು ಯಾರು?" ಈ ಭಯ ಬೇಡ. ರಸ್ತೆ ಅಪಘಾತದಲ್ಲಿ ನೆರವಾದವರನ್ನು ಕಾಡಬಾರದೆಂದು 2016ರಲ್ಲಿ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಿತು. 2019ರಲ್ಲಿ ತಿದ್ದಿದ ಮೋಟಾರು ವಾಹನ ಕಾಯಿದೆಯ 134ಎ ಕಲಮಿನಲ್ಲಿ ಅದು ಶಾಸನವೂ ಆಗಿದೆ. ನಮ್ಮ ರಾಜ್ಯದಲ್ಲೂ ಇಂಥ ಪರೋಪಕಾರಿಗಳ ರಕ್ಷಣೆಗೆ ಪ್ರತ್ಯೇಕ ಕಾಯಿದೆ ಇದೆ.

ಮಹಾಸಭೆಯ ಮುಂದೆ

ಮೊನ್ನೆ ಆ ಕೊನೆಗಾರನ ಮನೆಗೆ ಹೋಗಿದ್ದೆವು. ಆಗಾಗ ಹೋಗುವುದುಂಟು. ಆದರೆ ಈ ವಿಷಯವನ್ನು ಆತನೊಡನೆ ಎಂದೂ ಎತ್ತಿರಲಿಲ್ಲ. ಈ ಸಲ ಸಿ.ವಿ. ರಾಮನ್ ನಗರದಲ್ಲಿ ಕಲಿತದ್ದನ್ನು, ಗೋದಾಮಿನಲ್ಲಿ ಮಾಡಿದ್ದನ್ನು ಹೇಳಿದೆವು. ಅಂದು ನಾವು ಎತ್ತಿದ ಕ್ರಮ ತಪ್ಪಾಗಿತ್ತೆಂಬುದನ್ನೂ ಹೇಳಿದೆವು. ಆತ ಜಗಲಿಯ ಕಂಬಕ್ಕೆ ಒರಗಿ ಕುಳಿತು ಅಡಿಕೆ ಸುಲಿಯುತ್ತಿದ್ದವನು, ಕೈ ನಿಲ್ಲಿಸದೆ ಎಲ್ಲವನ್ನೂ ಕೇಳಿದ. ಬೈಯಲಿಲ್ಲ. ಸಮಾಧಾನದ ಮಾತನ್ನೂ ಆಡಲಿಲ್ಲ. ಕೊನೆಗೆ, "ಅಯ್ಯಾ, ಆ ಪಾಠ ನನ್ನ ಮಗನಿಗೂ ಕೊಡ್ತೀರಾ? ಈ ವರ್ಷದಿಂದ ಅವನೂ ಮರ ಹತ್ತುತ್ತಾನೆ" ಎಂದ. ಸ್ವಲ್ಪ ತಡೆದು, "ಅವನಿಗೊಬ್ಬನಿಗೆ ಕಲಿಸಿದರೆ ಸಾಲದು. ಅವನು ಬಿದ್ದರೆ ಎತ್ತುವವರಿಗೂ ಬರಬೇಕಲ್ಲ" ಎಂದ.

ಆತನ ಆ ಮಾತಿಗೆ ನಾವು ಸೇರಿಸಬೇಕಾದದ್ದು ಏನೂ ಇಲ್ಲ. ಬರುವ ಮಹಾಸಭೆಯಲ್ಲಿ ಮೂರು ಸಲಹೆಗಳನ್ನು ಸದಸ್ಯರ ಮುಂದಿಡಲಿದ್ದೇವೆ. ಒಂದು, ಪ್ರತಿ ಊರಿನಿಂದ ಕನಿಷ್ಠ ನಾಲ್ಕು ಜನರಿಗೆ ಸಂಘದ ಖರ್ಚಿನಲ್ಲಿ ಈ ತರಬೇತಿ ಕೊಡಿಸುವುದು. ನಾಲ್ಕೇ ಏಕೆಂದರೆ, ಬೆನ್ನುಮೂಳೆ ಮುರಿದವರನ್ನು ಸರಿಯಾಗಿ ಹೊರಳಿಸಲು ನಾಲ್ಕು ಜನ ಬೇಕು. ಎರಡು, ಸಂಘಕ್ಕೇ ಸ್ವಂತವಾಗಿ ಎರಡು ಬೊಂಬೆಗಳನ್ನು ಕೊಂಡು, ಕೊನೆಕೊಯ್ಲಿಗೆ ಮುನ್ನ ಒಮ್ಮೆ, ಮುಂಗಾರಿಗೆ 
ಮುನ್ನ ಒಮ್ಮೆ ಗೋದಾಮಿನಲ್ಲಿ ಅಭ್ಯಾಸ ಮಾಡಿಸುವುದು. ಮೂರು, ಪ್ರತಿ ಕಣದಲ್ಲಿ ಒಂದು ದಬ್ಬೆ ತಟ್ಟಿಯನ್ನು ಕಟ್ಟಿ ಇಡುವುದು, ಮತ್ತು ವಿಷಪ್ರತಿಬಂಧಕ ಮದ್ದಿರುವ ಆಸ್ಪತ್ರೆಗಳ ಫೋನು ಸಂಖ್ಯೆಗಳನ್ನು ಬರೆದು ಗೋಡೆಗೆ ಅಂಟಿಸುವುದು. ಲಾಭಾಂಶದಲ್ಲಿ ಸ್ವಲ್ಪ ಕಡಮೆಯಾದೀತು. ಸದಸ್ಯರು ದೊಡ್ಡ ಮನಸ್ಸಿನಿಂದ ಒಪ್ಪುವರೆಂದು ನಂಬಿದ್ದೇವೆ.

ಎರಡನೇ ತಂಡಕ್ಕೆ ಹೆಸರು ಕೊಡತಕ್ಕವರು ಈ ತಿಂಗಳ ಕೊನೆಯೊಳಗೆ ಕಚೇರಿಯ ವೇಳೆಯಲ್ಲಿ ಬಂದು ಬರೆಸಬೇಕಾಗಿ ವಿನಂತಿ. ಪಟ್ಟಿಯ ಮೊದಲ ಹೆಸರು ಆಗಲೇ ಬರೆದಾಗಿದೆ. ಅದು ಆ ಕೊನೆಗಾರನ ಮಗನದು.